ಎಳೆಮರದ ಎಲೆಯ ಮೇಲಣ ಚುಕ್ಕೆ

ಶಾಲೆಯ ಆವರಣದಲ್ಲಿ ಸಸಿ ನೆಡುವುದು ಒಂದು ಉತ್ಸವ. ನೆಟ್ಟ ಸಸಿಯನ್ನು ಮರವಾಗಿಸುವುದು ಹಲವು ವರ್ಷಗಳ ದುಡಿಮೆ. ಉತ್ಸವಕ್ಕೆ ಅತಿಥಿಗಳುಂಟು, ಭಾಷಣಗಳುಂಟು, ಭಾವಚಿತ್ರಗಳುಂಟು. ದುಡಿಮೆಗೆ ಸಾಕ್ಷಿಗಳು ಕಡಿಮೆ. ಕನ್ಹಯ್ಯಾಲಾಲ್ ಮುನ್ಷಿಯವರು ಕೇಂದ್ರದ ಕೃಷಿ ಸಚಿವರಾಗಿದ್ದ 1950ರಲ್ಲಿ ವನಮಹೋತ್ಸವವೆಂಬ ಹೆಸರಿನಿಂದ ಆರಂಭವಾದ ಪರಿಪಾಠವು ಇಂದಿಗೂ ಜುಲೈ ತಿಂಗಳಿನಲ್ಲಿ ಶಾಲೆಗಳಲ್ಲಿ ನಡೆದುಬಂದಿದೆ. ಜೂನ್ 5ರ ಪರಿಸರ ದಿನವೂ ಅದರೊಡನೆ ಸೇರಿಕೊಂಡಿದೆ. ಎರಡೂ ಮಳೆಗಾಲದ ಹೊಸ್ತಿಲಿನಲ್ಲೇ ಬರುತ್ತವೆ. ಬೇರೂರುವುದಕ್ಕೆ ಅದು ತಕ್ಕ ಕಾಲವೇ ಸರಿ. ಆದರೆ ಬೇರಿಗೆ ಹಿತವಾದ ಆ ತೇವವೇ ಎಲೆಯ ಮೇಲೆ ನೆಲೆಯೂರುವ ಶಿಲೀಂಧ್ರಕ್ಕೂ ಹಿತವೆಂಬ ಸಂಗತಿಯು ಉತ್ಸವದ ದಿನ ಯಾರ ನೆನಪಿಗೂ ಬರುವುದಿಲ್ಲ.

ಶ್ರಾವಣದ ಜಡಿಮಳೆ ಹಿಡಿದಾಗ ಸಸಿಯ ಎಲೆಗಳ ಮೇಲೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ಸಾಸಿವೆ ಕಾಳಿನಷ್ಟು. ಬಳಿಕ ಅದರ ಸುತ್ತ ಹಳದಿಯ ಒಂದು ಬಳೆ. ನಡುವೆ ಒಣಗಿದ ಕಂದು. ಕೆಲವು ದಿನಗಳಲ್ಲಿ ನಾಲ್ಕಾರು ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯ ಅರ್ಧಭಾಗ ಸುಟ್ಟಂತಾಗುತ್ತದೆ, ಉದುರುತ್ತದೆ. ಆಗ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಹುಟ್ಟುತ್ತವೆ. ಗಿಡ ಕೆಟ್ಟಿತು, ಕಿತ್ತು ಬೇರೊಂದನ್ನು ನೆಡೋಣವೆಂಬುದು ಒಂದು. ಪೇಟೆಯಿಂದ ಔಷಧ ತರಿಸಿ ಹೊಡೆಸೋಣವೆಂಬುದು ಇನ್ನೊಂದು. ಮೊದಲನೆಯದು ಆತುರ. ಎರಡನೆಯದು ಬಹುಮಟ್ಟಿಗೆ ತಡವಾದ ಮತ್ತು ಮಕ್ಕಳು ಓಡಾಡುವ ಆವರಣದಲ್ಲಿ ಅಪಾಯಕ್ಕೂ ಎಡೆಗೊಡುವ ಉಪಾಯ. ಇವೆರಡರ ನಡುವೆ ಪೊರಕೆ, ಕತ್ತರಿ, ನೀರಿನ ಕೊಡ ಇವುಗಳಿಂದಲೇ ಆಗಬಹುದಾದ ಕೆಲಸವು ಬೇಕಾದಷ್ಟಿದೆ. ಅದನ್ನು ಬಲ್ಲವರು ಬಹುತೇಕ ಶಾಲೆಗಳಲ್ಲಿ ಒಬ್ಬರೇ. ಅವರು ತೋಟದ ಮಾಲಿ. ಅವರ ಮಾತನ್ನು ಸಭೆಯಲ್ಲಿ ಕೇಳುವ ರೂಢಿ ಇಲ್ಲ.

ಬೆಳೆದ ಮರಕ್ಕೂ ಎಳೆಯ ಮರಕ್ಕೂ ಈ ವಿಷಯದಲ್ಲಿ ಅಂತರವಿದೆ. ಎಲೆಯೇ ಗಿಡದ ಅಡುಗೆಮನೆ. ಐವತ್ತು ವರ್ಷದ ಹೊಂಗೆಯ ಮರವು ಒಂದು ಮಳೆಗಾಲದಲ್ಲಿ ಹತ್ತರಲ್ಲಿ ಮೂರು ಪಾಲು ಎಲೆಗಳನ್ನು ಕಳೆದುಕೊಂಡರೂ ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ ಮತ್ತೆ ಚಿಗುರುತ್ತದೆ. ನೋಡಿದವರಿಗೆ ಅದರ ಸುಳಿವೂ ಹತ್ತುವುದಿಲ್ಲ. ಎರಡು ವರ್ಷದ ಸಸಿಯ ಕಣಜ ಬಲು ಚಿಕ್ಕದು. ಒಮ್ಮೆ ಎಲೆ ಉದುರಿದರೆ ಉಳಿದ ಬಂಡವಾಳವನ್ನೆಲ್ಲ ತೆಗೆದು ಹೊಸ ಎಲೆ ಬಿಡುತ್ತದೆ. ಆ ಎಲೆಗೂ ರೋಗ ತಗುಲಿ ಅದೂ ಉದುರಿದರೆ ಮೂರನೆಯ ಸಲಕ್ಕೆ ಕೊಡಲು ಅದರಲ್ಲಿ ಏನೂ ಇರುವುದಿಲ್ಲ. ಹೀಗೆ ಸತ್ತ ಸಸಿಯನ್ನು ಬೇಸಿಗೆಯಲ್ಲಿ ಕಂಡವರು ನೀರಿಲ್ಲದೆ ಒಣಗಿತೆಂದು ಹೇಳುತ್ತಾರೆ. ಆದರೆ ಅದರ ಸಾವು ಹಿಂದಿನ ಮಳೆಗಾಲದಲ್ಲೇ ಮೊದಲಾಗಿರುತ್ತದೆ. ಆದುದರಿಂದ ಎಳೆಮರದ ಎಲೆಯನ್ನು ಮೊದಲ ಮೂರು ಮಳೆಗಾಲಗಳಲ್ಲಿ ಉಳಿಸಿಕೊಡುವುದೇ ಮುಖ್ಯವಾದ ಕಾರ್ಯ. ಅನಂತರ ಮರವು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಶಿಲೀಂಧ್ರವು ಸಸ್ಯವಲ್ಲ. ಅದಕ್ಕೆ ಹಸಿರು ಇಲ್ಲದಿರುವುದರಿಂದ ಬಿಸಿಲಿನಲ್ಲಿ ಅನ್ನ ತಯಾರಿಸುವ ಶಕ್ತಿಯೂ ಇಲ್ಲ. ಬದುಕಿದ ಅಥವಾ ಸತ್ತ ಜೀವಿಯಿಂದಲೇ ಅದು ಆಹಾರವನ್ನು ಪಡೆಯಬೇಕು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೀಜಾಣುಗಳು ಗಾಳಿಯಲ್ಲಿ ತೇಲಿಯೋ, ಮಳೆಹನಿಯ ಸಿಡಿತದಿಂದಲೋ, ಒದ್ದೆ ಗಿಡವನ್ನು ಮುಟ್ಟಿದ ಕೈಯಿಂದಲೋ ಎಲೆಯನ್ನು ಸೇರುತ್ತವೆ. ಸೇರಿದ ಮಾತ್ರಕ್ಕೆ ರೋಗವಾಗದು. ಎಲೆಚುಕ್ಕೆ, ಚಿಬ್ಬು, ತುಕ್ಕು ಮೊದಲಾದ ಬಹುಪಾಲು ರೋಗಗಳ ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ಎಡೆಬಿಡದೆ ತೇವ ನಿಂತಿರಬೇಕು. ತೇವ ಬೇಗ ಆರಿದರೆ ಮೊಳಕೆಯೂ ಆರಿಹೋಗುತ್ತದೆ. ತೋಟಗಾರನ ಕೈಯಲ್ಲಿರುವ ದೊಡ್ಡ ಆಯುಧ ಇದೇ. ಮಳೆಯನ್ನು ನಿಲ್ಲಿಸಲಾಗದು, ಮಳೆ ನಿಂತ ಮೇಲೆ ಎಲೆ ಬೇಗ ಆರುವಂತೆ ಮಾಡಬಹುದು. ಆಕಾಶದಿಂದ ಬೀಳುವ ನೀರು ಸಾಲದೆಂಬಂತೆ ಸಂಜೆ ಐದು ಗಂಟೆಗೆ ಮಕ್ಕಳ ಕೈಯಿಂದ ಗಿಡದ ನೆತ್ತಿಯ ಮೇಲೆ ನೀರು ಸುರಿಸಿ ರಾತ್ರಿಯಿಡೀ ಎಲೆಯನ್ನು ಒದ್ದೆಯಾಗಿಡುವ ಪದ್ಧತಿಯನ್ನಾದರೂ ನಿಲ್ಲಿಸಬಹುದು. ನೀರು ಬೆಳಗಿನ ಹೊತ್ತು, ಬುಡಕ್ಕೆ. ಇಷ್ಟು ಬದಲಾವಣೆಯಿಂದಲೇ ಎಷ್ಟೋ ಗಿಡಗಳು ಬದುಕಿಕೊಂಡಿವೆ.

ಮಲೆನಾಡಿನ ಅಡಕೆ ಬೆಳೆಗಾರರಿಗೆ ಈ ತತ್ತ್ವವು ಯಾವ ವಿಜ್ಞಾನದ ನೆರವೂ ಇಲ್ಲದೆ ತಿಳಿದಿತ್ತು. ಕೊಳೆರೋಗದಿಂದ ಕಾಯಿ ಉದುರುವುದನ್ನು ತಡೆಯಲು ಅವರು ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಗೊನೆಗೆ ಒಂದು ಕೊಡೆ ಹಿಡಿಯುತ್ತಿದ್ದರು. ಮಳೆಯ ನೀರು ಕಾಯಿಯನ್ನು ಮುಟ್ಟದಿದ್ದರೆ ರೋಗವೂ ಮುಟ್ಟದೆಂಬುದು ಅವರ ಅನುಭವ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವು ಅವರ ಪ್ರಯತ್ನದಿಂದ ಮಲೆನಾಡಿನಲ್ಲಿ ಬೇರೂರಿತು. ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನಿಗಳು ನಿಜವಾದ ಶಿಲೀಂಧ್ರಗಳ ಸಾಲಿನಲ್ಲಿ ಸೇರಿಸುವುದಿಲ್ಲವೆಂಬುದು ಬೇರೆ ಮಾತು. ಗಮನಿಸಬೇಕಾದ ಅಂಶವೆಂದರೆ, ಆ ಸಿಂಪರಣೆಯ ಮೊದಲ ಸುತ್ತು ಮಳೆ ಹಿಡಿಯುವ ಮುನ್ನವೇ ನಡೆಯುತ್ತದೆ. ಎರಡನೆಯದು ನಲವತ್ತು ನಲವತ್ತೈದು ದಿನಗಳ ಅನಂತರ. ರೋಗ ಕಂಡ ಮೇಲೆ ಓಡುವುದಲ್ಲ. ಕೊಟ್ಟೆ ಮಾಡುತ್ತಿದ್ದ ಕೆಲಸವನ್ನೇ ದ್ರಾವಣವೂ ಮಾಡುತ್ತದೆ: ಹೊರಗಿನಿಂದ ಬರುವುದನ್ನು ಹೊರಗೇ ತಡೆಯುತ್ತದೆ. ಒಳಹೊಕ್ಕ ರೋಗವನ್ನು ಅದು ವಾಸಿಮಾಡಲಾರದು.

ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಅಲಂಕಾರದ ಮರಗಳಲ್ಲಿ ದೇವಕಣಗಿಲೆಯೂ ಒಂದು. ಗುಡಿಗಳ ಮುಂದೆ, ಮಠಗಳ ಅಂಗಳಗಳಲ್ಲಿ ಅದರ ಬಿಳಿಯ ಹೂ ನೋಡಿ ಇದು ಈ ನೆಲದ್ದೇ ಎಂದು ತಿಳಿದವರು ಬಹುಮಂದಿ. ವಾಸ್ತವವಾಗಿ ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶಗಳು. ಅದನ್ನು ಕಾಡುವ ತುಕ್ಕುರೋಗದ ಶಿಲೀಂಧ್ರವೂ ಅಲ್ಲಿಯದೇ. 1902ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಿಂದ ವರ್ಣಿತವಾದ ಈ ಜೀವಿಗೆ ಕೋಲಿಯೋಸ್ಪೋರಿಯಂ ಪ್ಲುಮೇರಿಯೆ ಎಂದು ಹೆಸರು. ಮರವು ಸಾಗರ ದಾಟಿ ಬಂದ ಎಷ್ಟೋ ಕಾಲದ ಮೇಲೆ ರೋಗವೂ ಅದನ್ನು ಹುಡುಕಿಕೊಂಡು ಬಂದು ಇಂದು ಭಾರತವೂ ಸೇರಿದಂತೆ ಏಷ್ಯದ ಹಲವು ನಾಡುಗಳನ್ನು ಮುಟ್ಟಿದೆ. ಎಲೆಯ ಮೇಲ್ಬದಿಯಲ್ಲಿ ಹಳದಿಯ ಸಣ್ಣ ಚುಕ್ಕೆಗಳು. ತಿರುಗಿಸಿ ನೋಡಿದರೆ ಕೆಳಬದಿಯಲ್ಲಿ ಅರಿಶಿನ ಕುಂಕುಮ ಬೆರೆಸಿದಂಥ ಬಣ್ಣದ ಪುಡಿಯ ಗುಳ್ಳೆಗಳು. ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಕಿತ್ತಳೆಯ ಕಲೆ ಹತ್ತುತ್ತದೆ. ಆ ಕಲೆಯಲ್ಲಿ ಲೆಕ್ಕವಿಲ್ಲದಷ್ಟು ಬೀಜಾಣುಗಳಿರುತ್ತವೆ. ಕೆಲವು ವಾರಗಳಲ್ಲಿ ಎಲೆ ಸುರುಟಿ, ಒಣಗಿ, ಉದುರುತ್ತದೆ. ದೊಡ್ಡ ಮರವು ಇದರಿಂದ ಸಾಯುವುದಿಲ್ಲ. ಎಳೆಯ ಗಿಡ ಮಾತ್ರ ಬಡವಾಗುತ್ತದೆ.

ಒಂದು ಶಾಲೆಯ ಪ್ರಾರ್ಥನಾ ಮಂದಿರದ ಎದುರಿಗೆ ಹಳೆಯ ವಿದ್ಯಾರ್ಥಿಗಳ ತಂಡವೊಂದು, ಅಕಾಲದಲ್ಲಿ ತೀರಿಹೋದ ತಮ್ಮ ಸಹಪಾಠಿಯ ನೆನಪಿಗಾಗಿ ದೇವಕಣಗಿಲೆಯ ಆರು ಗಿಡಗಳನ್ನು ನೆಡಿಸಿತು. ದನ ಮೇಯದಂತೆ ಪ್ರತಿಯೊಂದಕ್ಕೂ ಎದೆಯೆತ್ತರದ ತಗಡಿನ ಕಾಪು. ತಗಡಿನ ಮೇಲೆ ನೀಲಿಯ ಬಣ್ಣ ಬಳಿದು ಬಿಳಿಯ ಅಕ್ಷರಗಳಲ್ಲಿ ಅಗಲಿದವನ ಹೆಸರನ್ನು ಬರೆಸಿದರು. ಕೆಲಸವನ್ನು ಅವರು ಪ್ರೀತಿಯಿಂದಲೇ ಮಾಡಿದ್ದರು, ಹಣಕ್ಕೂ ಹಿಂಜರಿದಿರಲಿಲ್ಲ. ಮೊದಲ ಎರಡು ವರ್ಷ ಗಿಡಗಳು ಚೆನ್ನಾಗಿಯೇ ಬಂದವು. ಮೂರನೆಯ ಮಳೆಗಾಲದಲ್ಲಿ ಆರರ ಎಲೆಗಳೂ ಒಂದೇ ವಾರದಲ್ಲೆಂಬಂತೆ ಕಿತ್ತಳೆಯ ಬಣ್ಣಕ್ಕೆ ತಿರುಗಿದವು. ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಬೋಳು ಕೊಂಬೆಗಳು. ಹೆಸರಿನ ಅಕ್ಷರಗಳು ಮಾತ್ರ ಹೊಳೆಯುತ್ತಿದ್ದವು. ಅದನ್ನು ನೋಡಲು ಬಂದ ಆ ಸಹಪಾಠಿಯ ತಾಯಿ ಏನೂ ಹೇಳದೆ ಹಿಂತಿರುಗಿದರೆಂದು ಅಲ್ಲಿನವರು ನೆನೆಯುತ್ತಾರೆ.

ಗಿಡಗಳನ್ನು ಕಿತ್ತು ಬೇರೆ ನೆಡುವುದೆಂದು ತೀರ್ಮಾನವಾಗುವುದರಲ್ಲಿತ್ತು. ತೋಟದ ಮಾಲಿಯು ಒಪ್ಪಲಿಲ್ಲ. ಆತನ ವಾದವು ಸರಳವಾಗಿತ್ತು. ಆರು ಗಿಡಗಳೂ ಒಂದೇ ಮರದ ಕೊಂಬೆಗಳಿಂದ ಬಂದವು. ಆ ತಾಯಿಮರಕ್ಕೆ ಪ್ರತಿ ಮಳೆಗಾಲದಲ್ಲೂ ತುಕ್ಕು ಹಿಡಿಯುತ್ತದೆ, ಆದರೂ ಅದು ನಲವತ್ತು ವರ್ಷದಿಂದ ಹೂ ಬಿಡುತ್ತಿದೆ. ಆದಕಾರಣ ರೋಗವೊಂದೇ ಗಿಡಗಳನ್ನು ಕೊಲ್ಲುತ್ತಿಲ್ಲ, ತಗಡು ಕೊಲ್ಲುತ್ತಿದೆ. ಸುತ್ತ ಮುಚ್ಚಿದ ತಗಡಿನೊಳಗೆ ಗಾಳಿಯಾಡದೆ ಎಲೆಗಳು ಮಧ್ಯಾಹ್ನವಾದರೂ ಒದ್ದೆಯಾಗಿಯೇ ಇರುತ್ತಿದ್ದವು. ಉದುರಿದ ಎಲೆಗಳು ಹೊರಗೆ ಹೋಗಲಾರದೆ ಬುಡದಲ್ಲೇ ರಾಶಿಬಿದ್ದು, ಪ್ರತಿ ಮಳೆಗೂ ಅಲ್ಲಿಂದ ಬೀಜಾಣುಗಳು ಮೇಲಕ್ಕೆ ಸಿಡಿಯುತ್ತಿದ್ದವು. ಪೊರಕೆ ಒಳಗೆ ಹೋಗುವಂತಿರಲಿಲ್ಲ. ಮಾಲಿಯ ಮಾತಿನಲ್ಲಿ ವಿಜ್ಞಾನದ ಅಧ್ಯಾಪಕರಿಗೆ ತಪ್ಪು ಕಾಣಲಿಲ್ಲ. ಆದರೆ ತಗಡು ತೆಗೆಯುವುದೆಂದರೆ ಹೆಸರನ್ನು ತೆಗೆದಂತೆ. ಅದನ್ನು ದಾನಿಗಳಿಗೆ ಹೇಳುವವರು ಯಾರು? ಈ ಸಂಕೋಚದಲ್ಲೇ ಎರಡು ತಿಂಗಳು ಕಳೆದವು. ಕಡೆಗೆ ಮುಖ್ಯೋಪಾಧ್ಯಾಯರು ಕಾಗದ ಬರೆದರು. ತಂಡದವರು ಒಂದು ಭಾನುವಾರ ತಾವೇ ಬಂದು ತಗಡುಗಳನ್ನು ಬಿಚ್ಚಿ, ಬೆರಳು ತೂರುವಷ್ಟು ಸಂದು ಬಿಟ್ಟ ಬಿದಿರಿನ ಕಾಪುಗಳನ್ನು ಕಟ್ಟಿದರು. ಹೆಸರನ್ನು ನೆಲಮಟ್ಟದ ಒಂದು ಕಲ್ಲಿನ ಮೇಲೆ ಕೆತ್ತಿಸಿದರು. ಆರರಲ್ಲಿ ಗೋಡೆಯ ಮೂಲೆಗಿದ್ದ ಒಂದು ಗಿಡ ಉಳಿಯಲಿಲ್ಲ. ಉಳಿದ ಐದಕ್ಕೂ ಮರುವರ್ಷವೂ ತುಕ್ಕು ಹಿಡಿಯಿತು. ಎಲೆಗಳು ಮಾತ್ರ ಕಾರ್ತಿಕದವರೆಗೆ ನಿಂತವು. ದೇವಕಣಗಿಲೆಯು ಚಳಿಗಾಲದಲ್ಲಿ ಸಹಜವಾಗಿಯೇ ಎಲೆ ಕಳಚುವ ಮರವಾದುದರಿಂದ ಅಲ್ಲಿಂದಾಚೆಗೆ ಉದುರಿದ್ದನ್ನು ನಷ್ಟವೆಂದು ಎಣಿಸುವಂತಿಲ್ಲ.

ದಾನಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ನೂರು ಸಸಿಗಳನ್ನು ಒಮ್ಮೆಗೇ ಕೊಡಿಸುವ ಔದಾರ್ಯಕ್ಕಿಂತ ಇಪ್ಪತ್ತು ಸಸಿಗಳನ್ನು ಕೊಡಿಸಿ ಮೂರು ವರ್ಷದ ಆರೈಕೆಯ ವೆಚ್ಚವನ್ನೂ ವಹಿಸಿಕೊಳ್ಳುವ ಔದಾರ್ಯವು ಶಾಲೆಗೆ ಹೆಚ್ಚು ನೆರಳು ತರುತ್ತದೆ. ನೂರು ಸಸಿಗಳನ್ನು ಮಾರುವ ನರ್ಸರಿಯಲ್ಲಿ ಪಾಲಿಥಿನ್ ಚೀಲಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಮೇಲಿಂದ ನೀರು ಬೀಳುತ್ತಿರುತ್ತದೆ. ಒಂದರ ಚುಕ್ಕೆ ಎಲ್ಲದರ ಚುಕ್ಕೆಯಾಗುತ್ತದೆ. ಬಹಳ ಸಲ ರೋಗವು ಶಾಲೆಗೆ ಬರುವುದು ಅದೇ ಲಾರಿಯಲ್ಲಿ. ತಂದ ಸಸಿಗಳನ್ನು ಅಂದೇ ನೆಡದೆ ಎರಡು ವಾರ ಒಂದು ಬದಿಗೆ, ಗೇಣುದ್ದ ಅಂತರವಿಟ್ಟು ನಿಲ್ಲಿಸಿ ಎಲೆಗಳ ಎರಡು ಬದಿಗಳನ್ನೂ ನೋಡಬೇಕು. ಅತಿಥಿಗಳ ದಿನ ಮೊದಲೇ ಗೊತ್ತಾಗಿರುವುದರಿಂದ ಸಸಿಯ ದಿನವನ್ನು ಅದಕ್ಕಿಂತ ಹದಿನೈದು ದಿನ ಮುಂಚೆ ಗೊತ್ತುಮಾಡಿಕೊಳ್ಳುವುದು ಕಷ್ಟದ ಕೆಲಸವೇನೂ ಅಲ್ಲ.

ಎಲೆಯ ಮೇಲೆ ಕಂಡುದೆಲ್ಲವೂ ಶಿಲೀಂಧ್ರವಲ್ಲ. ನರಗಳು ಹಸಿರಾಗಿಯೇ ಇದ್ದು ನಡುವಣ ಭಾಗ ಹಳದಿಯಾದ ಚಿಗುರೆಲೆಯನ್ನು ಕಂಡರೆ, ವಿಶೇಷವಾಗಿ ಸುಣ್ಣದ ಅಂಶವುಳ್ಳ ಮಣ್ಣಿನಲ್ಲಿ, ಅದು ಕಬ್ಬಿಣದ ಕೊರತೆಯಿರಬಹುದು. ಬಿಸಿಲಿನ ಬದಿಯ ಎಲೆಗಳಷ್ಟೇ ಬಿಳಿಚಿ ಒಣಗಿದ್ದರೆ ಅದು ನೆರಳಿನ ನರ್ಸರಿಯಿಂದ ಒಮ್ಮೆಗೇ ಬಯಲಿಗೆ ಬಂದ ಸಸಿಯ ಸಂಕಟ. ಮಾವು ಮೊದಲಾದ ಮರಗಳ ಎಲೆಗಳ ಮೇಲೆ ಒಲೆಯ ಮಸಿ ಬಳಿದಂತೆ ಕಾಣುವ ಕಪ್ಪು ಬೂಷ್ಟು ಶಿಲೀಂಧ್ರವೇ ಆದರೂ ಎಲೆಯೊಳಗೆ ಅದು ಇಳಿಯುವುದಿಲ್ಲ. ರಸ ಹೀರುವ ಕೀಟಗಳು ಸುರಿಸುವ ಸಿಹಿಯ ಅಂಟಿನ ಮೇಲೆ ಅದು ಬೆಳೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಕೀಟ ಹೋಗದಿದ್ದರೆ ಮತ್ತೆ ಬರುತ್ತದೆ. ಅಂಥಲ್ಲಿ ಶಿಲೀಂಧ್ರದ ಔಷಧ ಹೊಡೆಯುವುದು ಹೊಗೆಗೆ ನೀರು ಹೊಯ್ದಂತೆ. ನಿಜವಾದ ಎಲೆಚುಕ್ಕೆಯನ್ನು ಪ್ರಯೋಗಾಲಯದ ಭೂತಗನ್ನಡಿಯಲ್ಲಿ ನೋಡಿದರೆ ಒಣಗಿದ ಭಾಗದಲ್ಲಿ ಸೂಜಿಮೊನೆಯಂಥ ಕಪ್ಪು ಬಿಂದುಗಳು ಅನೇಕ ವೇಳೆ ಕಾಣುತ್ತವೆ. ಅವೇ ಬೀಜಾಣುಗಳ ಗೂಡುಗಳು. ಎಂಟನೆಯ ತರಗತಿಯ ಮಗು ಕೂಡ ಇದನ್ನು ಗುರುತಿಸಬಲ್ಲದು.

ಬೂದಿರೋಗದ ನಡವಳಿಕೆ ಬೇರೆ. ಮೇಲೆ ಹೇಳಿದ ತೇವದ ನಿಯಮವು ಅದಕ್ಕೆ ಪೂರ್ತಿ ಅನ್ವಯಿಸುವುದಿಲ್ಲ. ಅದರ ಬೀಜಾಣು ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ. ಒಣ ಹಗಲು, ತಂಪಾದ ತೇವಭರಿತ ರಾತ್ರಿ, ನೆರಳು, ಗಾಳಿಯಿಲ್ಲದ ಮೂಲೆ, ಇವಿಷ್ಟಿದ್ದರೆ ಸಾಕು. ಆದುದರಿಂದ ಅದು ಮಳೆ ಹಿಂದೆಗೆದ ಮೇಲೆ ಬರುತ್ತದೆ. ಹೊಳೆದಾಸವಾಳದ ಬಳಗಕ್ಕೆ ಸೇರಿದ, ತೋಟಗಾರರು ಕ್ರೇಪ್ ಮಿರ್ಟಲ್ ಎಂದು ಕರೆಯುವ ಪುಟ್ಟ ಮರವು ಇದಕ್ಕೆ ಬಲು ಬೇಗ ತುತ್ತಾಗುತ್ತದೆ: ಚಿಗುರು, ಮೊಗ್ಗು ಎಲ್ಲವೂ ವಿಭೂತಿ ಎರಚಿದಂತೆ ಬೆಳ್ಳಗಾಗಿ, ಸುರುಟಿ, ಹೂ ಬಿಡದೆ ನಿಲ್ಲುತ್ತದೆ. ಗೊಬ್ಬರ ಹೆಚ್ಚಾದಲ್ಲಿ, ಅದರಲ್ಲೂ ಯೂರಿಯಾ ಹೆಚ್ಚಾದಲ್ಲಿ, ಚಿಗುರು ಮೆತ್ತಗಾಗಿ ರೋಗವೂ ಹೆಚ್ಚುತ್ತದೆ. ಅಮೆರಿಕದ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಡೊನಾಲ್ಡ್ ಎಗಾಲ್ಫ್ ಎಂಬ ವಿಜ್ಞಾನಿಯು ಇದಕ್ಕೆ ಔಷಧದ ದಾರಿಯನ್ನು ಹಿಡಿಯಲಿಲ್ಲ. ಜಪಾನಿನ ಯಾಕುಶಿಮಾ ದ್ವೀಪದಲ್ಲಿ ಬೆಳೆಯುವ ಇದರದೇ ಸೋದರ ಜಾತಿಯೊಂದು ಬೂದಿರೋಗವನ್ನು ತಡೆದುಕೊಳ್ಳುತ್ತಿತ್ತು. ಅದರೊಡನೆ ಸಂಕರ ಮಾಡಿ ಆತ ಬೆಳೆಸಿದ ನಾಚೆಜ್, ಮಸ್ಕೋಗಿ ಎಂಬ ತಳಿಗಳು 1978ರಲ್ಲಿ ಹೊರಬಂದವು. ಅಲ್ಲಿನ ಮೂಲನಿವಾಸಿ ಪಂಗಡಗಳ ಹೆಸರನ್ನೇ ಅವಕ್ಕೆ ಇಟ್ಟರು. ಇಂದು ಆ ದೇಶದ ಬೀದಿಗಳಲ್ಲಿ ಅವು ಯಾವ ಸಿಂಪರಣೆಯೂ ಇಲ್ಲದೆ ಹೂ ಬಿಡುತ್ತವೆ. ರೋಗಕ್ಕೆ ಒಗ್ಗದ ತಳಿಯನ್ನು ಆರಿಸಿಕೊಳ್ಳುವುದು ಸಾಧ್ಯವಿದ್ದಾಗ, ಹಾಗೆ ಆರಿಸಿಕೊಳ್ಳದೆ ಹತ್ತು ವರ್ಷ ಗಂಧಕ ಎರಚುವುದು ಜಾಣತನವಲ್ಲ. ತಳಿ ಸಿಗದಿದ್ದಲ್ಲಿ, ಬಿಸಿಲು ಬೀಳುವ ಜಾಗ, ಒಳಗೊಂಬೆಗಳ ಹಿತವಾದ ಕತ್ತರಿಕೆ, ಅಗತ್ಯ ಬಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸುವುದು. ಬಿರುಬಿಸಿಲಿನಲ್ಲಿ ಗಂಧಕ ಬಿದ್ದರೆ ಎಲೆಯೇ ಸುಡುತ್ತದೆ.

ಬೋರ್ಡೋ ದ್ರಾವಣದ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅವರು ಆಸಕ್ತಿಯಿಂದ ಕೇಳುತ್ತಾರೆ. ಫ್ರಾನ್ಸಿನ ಮೆದೋಕ್ ಪ್ರಾಂತದಲ್ಲಿ ದಾರಿಯ ಪಕ್ಕದ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರಂತೆ. ಕಳ್ಳರನ್ನು ಹೆದರಿಸಲು ತೋಟದವರು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಅಂಚಿನ ಬಳ್ಳಿಗಳಿಗೆ ಎರಚಿದರು. 1882ರಲ್ಲಿ ಅಲ್ಲಿ ಹಾದುಹೋದ ಪ್ರಾಧ್ಯಾಪಕ ಮಿಲಾರ್ದೆಯ ಕಣ್ಣಿಗೆ ಬಿದ್ದುದು ಹಣ್ಣಲ್ಲ, ಎಲೆ. ತೋಟವೆಲ್ಲ ರೋಗದಿಂದ ಎಲೆಯುದುರಿ ನಿಂತಿರುವಾಗ ನೀಲಿ ಬಳಿದ ಸಾಲುಗಳು ಮಾತ್ರ ಹಸಿರಾಗಿದ್ದವು. ಮೂರು ವರ್ಷ ಪರೀಕ್ಷಿಸಿ 1885ರಲ್ಲಿ ಆತ ಅದನ್ನು ಲೋಕಕ್ಕೆ ತಿಳಿಸಿದ. ಇಂದಿಗೂ ಅದರ ತಯಾರಿಕೆ ಹೆಚ್ಚು ಬದಲಾಗಿಲ್ಲ. ಹತ್ತು ಲೀಟರ್ ದ್ರಾವಣಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ. ಎರಡನ್ನೂ ಐದೈದು ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ತಣಿದ ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸಣ್ಣಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ತೊಳೆದ ಕಬ್ಬಿಣದ ಚಾಕುವನ್ನು ಕೆಲಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸೇರಿಸಬೇಕು. ಎಳೆಯ ಎಲೆಗಳಿಗೆ ಇದರ ಅರ್ಧ ಬಲ ಸಾಕು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು.

ಹಾಗೆಂದ ಮಾತ್ರಕ್ಕೆ ಅದು ನಿರುಪದ್ರವಿ ಎಂದಲ್ಲ. ಮೈಲುತುತ್ತ ವಿಷ, ಕಣ್ಣಿಗೆ ಬಿದ್ದರೆ ಅಪಾಯ, ವರ್ಷವರ್ಷವೂ ಸುರಿದರೆ ತಾಮ್ರವು ಮಣ್ಣಿನಲ್ಲೇ ನಿಂತು ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ಕೇಡಾಗುತ್ತದೆ. ಶಾಲೆಯ ಗಿಡವನ್ನು ತೋಟದ ಬೆಳೆಯಂತೆ ಕಾಣಲಾಗದು. ಅಡಕೆಯ ಗೊನೆ ಇರುವುದು ಮರದ ನೆತ್ತಿಯಲ್ಲಿ. ಶಾಲೆಯ ಸಸಿ ಇರುವುದು ಮಗುವಿನ ಕೈಯೆತ್ತರದಲ್ಲಿ. ಮಕ್ಕಳು ಎಲೆ ಹರಿಯುತ್ತಾರೆ, ಪುಸ್ತಕದಲ್ಲಿಡುತ್ತಾರೆ, ಪೀಪಿ ಮಾಡಿ ಊದುತ್ತಾರೆ, ಅದೇ ಕೈಯಲ್ಲಿ ಬುತ್ತಿ ಬಿಚ್ಚುತ್ತಾರೆ. ಸಿಂಪರಣೆ ಅನಿವಾರ್ಯವಾದರೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಗಾಳಿ ನಿಂತ ಹೊತ್ತಿನಲ್ಲಿ, ಮೂಗುಬಾಯಿಗೆ ಬಟ್ಟೆ, ಕೈಗೆ ಚೀಲ, ಕಣ್ಣಿಗೆ ಕನ್ನಡಕ ಧರಿಸಿದ ದೊಡ್ಡವರಿಂದಲೇ ನಡೆಯಬೇಕು. ಕೃಷಿಯ ಬೆಳೆಗಳಿಗೆಂದು ಮಾರುವ, ಗಿಡದೊಳಗೇ ಇಳಿದು ಹರಿಯುವ ಪ್ರಬಲವಾದ ಔಷಧಗಳನ್ನು ಅಂಗಡಿಯವರ ಮಾತಿನ ಮೇಲೆ ತಂದು ಶಾಲೆಯ ಉಗ್ರಾಣದಲ್ಲಿ ಇಡುವುದಂತೂ ಸರ್ವಥಾ ಸಲ್ಲದು. ಸಂದೇಹವಿದ್ದಲ್ಲಿ ರೋಗದ ಎಲೆಯನ್ನು ಕಾಗದದಲ್ಲಿ ಸುತ್ತಿ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗೆ ಒಯ್ದು ತೋರಿಸುವುದಕ್ಕೆ ಬಸ್ಸಿನ ಚಾರ್ಜಲ್ಲದೆ ಬೇರೆ ಖರ್ಚಿಲ್ಲ.

ಬೇವಿನ ವಿಷಯದಲ್ಲಿ ಮಾತ್ರ ಅಂಥ ವಿಚಾರಣೆಗೆ ತಡಮಾಡಬಾರದು. ಎಲ್ಲರಿಗೂ ಔಷಧವಾದ ಬೇವಿಗೇ ರೋಗ ಬಂದೀತೆಂದು ಹಳಬರು ನಂಬುವುದಿಲ್ಲ. ಆದರೆ ಅದರ ಕೊಂಬೆಗಳ ತುದಿಯಿಂದ ಹಿಂದಕ್ಕೆ ಒಣಗುತ್ತ ಬರುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರಿನ ವಿಜ್ಞಾನಿಗಳು 1997ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಹೆಸರಿಟ್ಟರು. 2021ರಲ್ಲಿ ತೆಲಂಗಾಣದಲ್ಲಿ ಅಪಾರ ಸಂಖ್ಯೆಯ ಬೇವಿನ ಮರಗಳು ಒಮ್ಮೆಗೇ ಒಣಗಿ ಕಂದಾಗಿ ನಿಂತುದು ಸುದ್ದಿಯಾಯಿತು. ಚಹಾ ಸೊಳ್ಳೆಯೆಂಬ ರಸ ಹೀರುವ ತಿಗಣೆಯ ಹಾವಳಿಯೂ ದೂರದಿಂದ ಹೀಗೆಯೇ ಕಾಣುತ್ತದೆ. ಇದು ಎಲೆಯ ಮೇಲಣ ಚುಕ್ಕೆಯಲ್ಲ, ರೆಂಬೆಯ ರೋಗ. ಒಣಗಿದ ಭಾಗಕ್ಕಿಂತ ಒಂದು ಗೇಣು ಕೆಳಗೆ, ಹಸಿರು ಮರ ಕಾಣುವಲ್ಲಿ ಕತ್ತರಿಸಿ ತೆಗೆದು ಆವರಣದಿಂದ ಹೊರಗೆ ಸಾಗಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್ಟಿನಿಂದ ಒರೆಸಬೇಕು.

ಉಳಿದಂತೆ ದಿನನಿತ್ಯದ ಕೆಲಸವೇ ಹೆಚ್ಚು. ರೋಗದ ಎಲೆ ಉದುರಿದ ದಿನವೇ ಅದನ್ನು ಗುಡಿಸಿ ತೆಗೆಯುವುದು. ಅರ್ಧಕ್ಕಿಂತ ಹೆಚ್ಚು ಕೆಟ್ಟ ಎಲೆಯನ್ನು ಗಿಡದಿಂದಲೇ ಕೀಳುವುದು, ಅದಕ್ಕಿಂತ ಕಡಿಮೆಯದನ್ನು ಬಿಡುವುದು. ಏಕೆಂದರೆ ಚುಕ್ಕೆಯುಳ್ಳ ಎಲೆಯೂ ಉಳಿದ ಹಸಿರಿನಲ್ಲಿ ಅಡುಗೆ ಮಾಡುತ್ತಲೇ ಇರುತ್ತದೆ. ಶುಚಿಯ ಉತ್ಸಾಹದಲ್ಲಿ ಸಸಿಯನ್ನು ಬೋಳಿಸಿದವರು ರೋಗದ ಕೆಲಸವನ್ನು ತಾವೇ ಮಾಡಿ ಮುಗಿಸಿದಂತೆ. ಗಿಡ ಒದ್ದೆಯಿರುವಾಗ ಈ ಕೆಲಸಕ್ಕೆ ಕೈ ಹಾಕಕೂಡದು. ದೇವಕಣಗಿಲೆಯ ಹಾಲು ಕಣ್ಣಿಗೆ, ಚರ್ಮಕ್ಕೆ ಉರಿ ತರುವುದರಿಂದ ಅದನ್ನು ಮಕ್ಕಳಿಗೆ ಒಪ್ಪಿಸದಿರುವುದು ಲೇಸು. ಗುಡಿಸಿದ ಎಲೆಗೆ ಬೆಂಕಿಯಿಡುವ ರೂಢಿ ಅನೇಕ ಶಾಲೆಗಳಲ್ಲಿದೆ. ಹೊಗೆ ತರಗತಿಗಳಿಗೆ ನುಗ್ಗುತ್ತದೆ, ಗೊಬ್ಬರವೂ ಹಾಳು. ಗುಂಡಿಯಲ್ಲಿ ಎಲೆ, ಸಗಣಿ, ಮಣ್ಣು ಹೀಗೆ ಪದರ ಪದರವಾಗಿ ಮುಚ್ಚಿದರೆ ಒಳಗಿನ ಕಾವಿಗೆ ಹೆಚ್ಚಿನ ಶಿಲೀಂಧ್ರಗಳು ಸಾಯುತ್ತವೆ. ರಾಶಿಯೊಳಗೆ ಕೈಯಿಟ್ಟರೆ ಇಟ್ಟುಕೊಳ್ಳಲಾರದಷ್ಟು ಬಿಸಿ ಬರಬೇಕು. ಬಾರದಿದ್ದರೆ ತಿರುವಿ ಹಾಕಿ ಮತ್ತೆ ಮುಚ್ಚಬೇಕು.

ಆ ಐದು ದೇವಕಣಗಿಲೆಗಳಿರುವ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರು ಎಲೆಗಳಿಗಾಗಿ ಒಂದು ದಿನಚರಿಯನ್ನೇ ಇಟ್ಟಿದ್ದಾರೆ. ಪ್ರತಿ ಸಸಿಗೂ ಒಂದು ಸಂಖ್ಯೆ, ಪ್ರತಿ ಶನಿವಾರ ಒಂದು ಸಾಲು: ಎಲೆಗಳೆಷ್ಟು, ಚುಕ್ಕೆಯ ಎಲೆಗಳೆಷ್ಟು, ಉದುರಿದ್ದು ಎಷ್ಟು, ವಾರದಲ್ಲಿ ಮಳೆ ಬಂದ ದಿನಗಳೆಷ್ಟು. ಬರೆಯುವವರು ಒಂಬತ್ತನೆಯ ತರಗತಿಯವರು. ಎಣಿಕೆಯಲ್ಲಿ ಜಗಳ ಬಂದರೆ ತೀರ್ಪು ಕೊಡುವವರು ಮಾಲಿ. ಎರಡು ವರ್ಷದ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಕೊಳಾಯಿಯ ಹತ್ತಿರದ ಸಸಿಗಳಿಗೇ ಮೊದಲು ಚುಕ್ಕೆ ಬರುತ್ತದೆಂದು ಹೇಳಿದವಳು ಒಬ್ಬ ಹುಡುಗಿ. ಕೊಳಾಯಿ ಸೋರುತ್ತಿತ್ತು, ಅದನ್ನು ಸರಿಪಡಿಸಲಾಯಿತು. ದೇವಕಣಗಿಲೆಗೆ ಬೇರೊಂದು ನಮೂದು ಇದೆ. ಚಳಿ ಮುಗಿದು ಹೊಸ ಚಿಗುರು ಹೊರಡುವ ಮುನ್ನ ಕೊಂಬೆಗಳಲ್ಲಿ ಅಂಟಿಕೊಂಡು ಉಳಿದ ಹಳೆಯ ಎಲೆಗಳನ್ನೂ ಬುಡದಲ್ಲಿ ಬಿದ್ದ ಒಂದೊಂದು ಚೂರನ್ನೂ ಆಯ್ದು ತೆಗೆದರೆ ಮುಂದಿನ ಮಳೆಗಾಲದ ತುಕ್ಕು ತಡವಾಗಿ ಬರುತ್ತದೆ. ಆ ದಿನಗಳು ವಾರ್ಷಿಕ ಪರೀಕ್ಷೆಯ ಸಿದ್ಧತೆಯ ದಿನಗಳೇ ಆದುದರಿಂದ ಮರೆತುಹೋಗುವ ಭಯವಿದೆ. ಹೀಗಾಗಿ ದಿನಚರಿಯ ಮೊದಲ ಪುಟದಲ್ಲಿಯೇ, ಫೆಬ್ರವರಿಯ ಎರಡನೆಯ ಶನಿವಾರವೆಂದು, ಅದನ್ನು ಕೆಂಪು ಶಾಯಿಯಲ್ಲಿ ಬರೆದಿಡಲಾಗಿದೆ.